ಸದ್ದು ಕಳೆದುಕೊಂಡ ಹಿಮ್ಮಡಿ

ಪಾದರಕ್ಷೆ ಕಂಪನಿಯ ಮಾನ್ಯ ವ್ಯವಸ್ಥಾಪಕರಿಗೂ, ಅವರ ಗುಣಮಟ್ಟ ವಿಭಾಗಕ್ಕೂ, ಚೆನ್ನಾಗಿಯೇ ಇದ್ದ ಹಿಮ್ಮಡಿಯನ್ನು ಸುಧಾರಿಸಬೇಕೆಂದು ಮೊಟ್ಟಮೊದಲು ಹೊಳೆದ ಆ ಪುಣ್ಯಾತ್ಮರಿಗೂ ಅನಂತ ವಂದನೆಗಳು.

ವಿಷಯ: ಒಂದು ಜೊತೆ ಷೂಗಳಿಂದ ಕಾಣೆಯಾಗಿರುವ ಸದ್ದನ್ನು ವಾಪಸು ಕೊಡಿಸುವ ಬಗ್ಗೆ.

ಮಾನ್ಯರೇ,

ತಮ್ಮ ಕಾರ್ಖಾನೆಯ ಯಂತ್ರಗಳು ಸದಾ ತಿರುಗುತ್ತಿರಲಿ, ತಮ್ಮ ಕಾಲಿಗೆ ಎಂದೂ ಗುಳ್ಳೆ ಏಳದಿರಲಿ ಎಂದು ಹಾರೈಸಿ, ಅಂಚೆ ವಿಂಗಡಣೆ ಕೊಠಡಿಯ ಮೇಲ್ವಿಚಾರಕಿಯಾದ ನಾನು ವಿನಯಪೂರ್ವಕವಾಗಿ ಬರೆದುಕೊಳ್ಳುವುದೇನೆಂದರೆ, ತಮ್ಮ ಹಳೆಯ ಕಾಲದ ಪಟ್ಟಿ ಷೂವಿಗೆ ನಾನು ಮನಸೋತದ್ದು ಅಕ್ಷರ ಕಲಿಯುವುದಕ್ಕೂ ಮುಂಚೆ. ದುಂಡು ಮೂತಿ, ಪಾದದ ಮೇಲೆ ಹಾಯುವ ಒಂದೇ ಪಟ್ಟಿ, ಬಟಾಣಿ ಕಾಳಿನಷ್ಟು ಬಕಲ್, ಗಟ್ಟಿ ಚರ್ಮವನ್ನು ಪದರ ಪದರವಾಗಿ ಕೂರಿಸಿ ತುದಿಗೆ ಸಣ್ಣ ಲಾಳ ಹೊಡೆದ ಹಿಮ್ಮಡಿ. ಟೈಪಿಸ್ಟ್ ಆಗಿದ್ದ ನನ್ನ ಸೋದರತ್ತೆ ಕೆಲಸದಿಂದ ಬಂದು ಕಳಚಿಟ್ಟೊಡನೆ ನಾನು ಅದರೊಳಗೆ ಕಾಲು ತೂರಿಸಿ, ಗೋಡೆ ಹಿಡಿದುಕೊಂಡು, ಹಜಾರದ ಉದ್ದಕ್ಕೂ ಟಕ್ ಟಕ್ ಎನ್ನಿಸುತ್ತ ಓಡಾಡುತ್ತಿದ್ದೆ. ಮನೆಯಲ್ಲಿ ನನ್ನ ಮಾತಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲವಾದರೂ ಆ ಸದ್ದಿಗೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಕೆಲಸಕ್ಕೆ ಸೇರಿದ ಮೇಲೆ ನಾನು ಬೇರೆ ಷೂ ತೊಟ್ಟದ್ದೇ ಇಲ್ಲ. ಮದುವೆಯ ದಿನ ಅಕ್ಕ ನನ್ನನ್ನು ಬೇರೆ ಚಪ್ಪಲಿಗೆ ಒಪ್ಪಿಸಲು ನೋಡಿ ಸೋತು, ಇಂದಿಗೂ ಆ ಫೋಟೋ ತೋರಿಸಿ ಮುಖ ಸಿಂಡರಿಸುತ್ತಾಳೆ.

ಇತ್ತೀಚೆಗೆ ನನ್ನ ಷೂಗಳು ಮೊಳೆ ಕಚ್ಚುವಷ್ಟು ಚರ್ಮವನ್ನೂ ಉಳಿಸಿಕೊಳ್ಳದೆ ಕೈಚೆಲ್ಲಿದವು. ತಮ್ಮ ಅಂಗಡಿಗೆ ಹೋಗಿ, ಅದೇ ಹೆಸರು, ಅದೇ ಅಳತೆ ಕೇಳಿ, ತೊಟ್ಟು ನೋಡಿ ಎಂದವರಿಗೆ ಇಷ್ಟು ವರ್ಷ ತೊಟ್ಟವಳಿಗೆ ಇನ್ನೇನು ನೋಡುವುದಿದೆ ಎಂದು ದೊಡ್ಡಸ್ತಿಕೆಯಿಂದ ಹೇಳಿ, ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದೆ. ಪೆಟ್ಟಿಗೆಯ ಮೇಲೆ 'ಈಗ ಸಂಪೂರ್ಣ ನಿಶ್ಶಬ್ದ' ಎಂದು ತಾವು ಮುದ್ರಿಸಿದ್ದನ್ನು ಓದಿದ್ದು ಮರುದಿನ ಸಂಜೆ, ಆಗಬಾರದ್ದೆಲ್ಲ ಆಗಿಹೋದ ಮೇಲೆ.

ತಮ್ಮ ಮೆತ್ತನೆಯ ರಬ್ಬರ್ ಹಿಮ್ಮಡಿಯ ಸಾಧನೆಯನ್ನು ಈಗ ಹೊಗಳಲೇಬೇಕು. ನಮ್ಮ ವಿಂಗಡಣೆ ಕೊಠಡಿಯಲ್ಲಿ ಯಾರೂ ಬರೆದಿಡದ ಒಂದು ನಿಯಮವಿತ್ತು. ನನ್ನ ಸದ್ದು ಮೆಟ್ಟಿಲ ಬಳಿ ಕೇಳಿಸಿದರೆ ಹರಟೆ ಮುಗಿಸಬೇಕು, ಕಾರಿಡಾರಿನ ತಿರುವಿಗೆ ಬಂದರೆ ಬಿಸ್ಕತ್ತಿನ ಡಬ್ಬ ಮುಚ್ಚಬೇಕು, ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲರೂ ಹುಟ್ಟಿದಾಗಿನಿಂದ ಲಕೋಟೆಗಳನ್ನೇ ನೋಡುತ್ತಿರುವವರ ಹಾಗಿರಬೇಕು. ಈ ನಿಯಮ ನನಗೂ ಗೊತ್ತಿತ್ತು. ಡಬ್ಬದ ಮುಚ್ಚಳ ಬಿಗಿ ಎಂದು ತಿಳಿದು ತಿರುವಿನಲ್ಲಿ ಬೇಕೆಂದೇ ನಿಧಾನಿಸುತ್ತಿದ್ದೆ. ಹೊಸ ಷೂ ತೊಟ್ಟ ದಿನ ನಾನು ಒಳಗೆ ಕಾಲಿಟ್ಟಾಗ, ತೂಕದ ಯಂತ್ರದವನು ತಾರೀಖಿನ ಎರಡು ಮೊಹರುಗಳನ್ನು ಮೇಜಿನ ಮೇಲೆ ಟಕ್ ಟಕ್ ಎಂದು ನಡೆಸುತ್ತ, ನನ್ನ ದನಿಯಲ್ಲಿ "ಏನ್ರೀ, ಇದು ಅಂಚೆ ಕಚೇರಿನಾ, ಸಂತೆನಾ?" ಎಂದು ಕೇಳುತ್ತಿದ್ದ. ಬಹಳ ಚೆನ್ನಾಗಿ ಮಾಡುತ್ತಿದ್ದ, ಬಲಗಾಲನ್ನು ನಾನು ತುಸು ಜೋರಾಗಿ ಊರುವುದನ್ನೂ ಬಿಟ್ಟಿರಲಿಲ್ಲ. ಎಲ್ಲರೂ ನನ್ನನ್ನು ನೋಡಿ ನಗು ನುಂಗಿಕೊಂಡ ಮೇಲೂ ಬೆನ್ನು ತಿರುಗಿಸಿದ್ದ ಅವನು ಮಾತ್ರ ಮುಂದುವರಿಸುತ್ತಲೇ ಇದ್ದ. ಅಂದಿನಿಂದ ಪ್ರತಿಯೊಬ್ಬರೂ ಲಕೋಟೆಗೊಮ್ಮೆ ಹಿಂದೆ ತಿರುಗಿ ನೋಡುತ್ತಾರೆ. ಹರಟೆ ನಿಂತಿದೆ, ಅದರ ಜೊತೆಗೆ ಕೆಲಸವೂ ನಿಂತಿದೆ.

ಇಷ್ಟೇ ಆಗಿದ್ದರೆ ತಮ್ಮಂಥ ಬಿಡುವಿಲ್ಲದವರ ತಲೆ ತಿನ್ನುತ್ತಿರಲಿಲ್ಲ. ನಮ್ಮ ಮನೆ ಮೇಲಿನ ಮಹಡಿಯಲ್ಲಿದೆ. ನಮ್ಮ ಯಜಮಾನರು ಮನೆಯಲ್ಲೇ ಕುಳಿತು ಗಡಿಯಾರ ರಿಪೇರಿ ಮಾಡುತ್ತಾರೆ. ಸಂಜೆ ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರು ಬಾಗಿಲು ತೆರೆದು, ನೆಟ್ಟಗೆ ನಿಂತು, "ಬಂದ್ಯಾ? ಚಹಾಕ್ಕೆ ಇಟ್ಟಿದ್ದೀನಿ" ಎನ್ನುವುದು ನಮ್ಮ ಮನೆಯ ರೂಢಿ. ಅಂದು ಬಾಗಿಲು ಮುಚ್ಚಿತ್ತು. ನನ್ನ ಬೀಗದ ಕೈಯಿಂದ ತೆರೆದು ನೋಡಿದರೆ, ಅವರು ನನಗೆ ಬೆನ್ನು ಹಾಕಿ, ನಾನು ಎಂದೂ ಕಾಣದ ಕೋಲೊಂದನ್ನು ಊರಿಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು, ಒಲೆಯ ಕಡೆಗೆ ಕಾಲೆಳೆಯುತ್ತಿದ್ದರು. ಹಾಗಾದರೆ ಮೊದಲ ಮೆಟ್ಟಿಲಿನ ಸದ್ದು ಕೇಳಿದೊಡನೆ ಎದ್ದು, ಕೋಲನ್ನು ಬೀರುವಿನ ಹಿಂದೆ ಸೇರಿಸಿ, ನೋವು ನುಂಗಿ ನನ್ನೆದುರು ನೆಟ್ಟಗೆ ನಿಲ್ಲುವುದು ಅವರ ನಿತ್ಯದ ಕೆಲಸವಾಗಿತ್ತು. ನನಗೆ ಅಲ್ಲೇ ಅಳು ಬಂತು. ಬಂದ ಹಾಗೆಯೇ ಬಾಗಿಲೆಳೆದುಕೊಂಡು ಕೆಳಗಿಳಿದು, ಈ ಸಲ ಕ್ಷಯ ಹಿಡಿದವಳಂತೆ ಕೆಮ್ಮುತ್ತ ಮೇಲೆ ಬಂದೆ. ಅವರು ಬಾಗಿಲಲ್ಲಿ ನೆಟ್ಟಗೆ ನಿಂತಿದ್ದರು. "ಏನೇ ಇದು, ಷೂಗೇನಾಯ್ತು? ಸದ್ದೇ ಇಲ್ಲ" ಎಂದರು, ಹಣೆಯ ಬೆವರು ಒರೆಸಿಕೊಳ್ಳುತ್ತ.

ಅವರನ್ನು ಡಾಕ್ಟರ ಬಳಿ ಕರೆದೊಯ್ಯುವುದು ನನ್ನ ಪಾಡು, ಅದಕ್ಕೆ ತಮ್ಮನ್ನು ಕಾಡುವುದಿಲ್ಲ. ಆದರೆ ಕಾಲು ನೋವೆಂದು ಅವರು ತಾವಾಗಿ ನನಗೆ ಹೇಳುವವರೆಗೆ ಎದ್ದು ನಿಲ್ಲಲು ಅವರಿಗೆ ನಾನು ಮೆಟ್ಟಿಲು ಹತ್ತುವಷ್ಟು ಹೊತ್ತು ಬೇಕು. ಆ ಹೊತ್ತನ್ನು ಕೊಡುತ್ತಿದ್ದದ್ದು ತಮ್ಮ ಹಳೆಯ ಹಿಮ್ಮಡಿ. ಆದ್ದರಿಂದ ಅದೇ ಚರ್ಮ, ಅದೇ ಲಾಳ ಇರುವ ಒಂದು ಜೊತೆಯನ್ನು ಮಾಡಿಸಿಕೊಡಬೇಕಾಗಿ ಪ್ರಾರ್ಥನೆ. ಅದು ತಮ್ಮ ಪ್ರಗತಿಗೆ ಕುಂದು ಎನಿಸಿದರೆ, ದಿನವೂ ಸಂಜೆ ನನ್ನ ಮುಂದೆ ಟಕ್ ಟಕ್ ಎನ್ನುತ್ತ ಮೆಟ್ಟಿಲು ಹತ್ತಲು ಕಂಪನಿಯಿಂದ ಒಬ್ಬ ಪ್ರತಿನಿಧಿಯನ್ನು ನೇಮಿಸಿ. ಬಲಗಾಲನ್ನು ತುಸು ಜೋರಾಗಿ ಊರಬೇಕು, ಬರದಿದ್ದರೆ ನಮ್ಮ ತೂಕದ ಯಂತ್ರದವನು ಕಲಿಸಿಕೊಡುತ್ತಾನೆ. ಅದೂ ಆಗದಿದ್ದರೆ, ನಿಶ್ಶಬ್ದದಲ್ಲಿ ತಮಗಿರುವ ಅಪಾರ ಪಾಂಡಿತ್ಯವನ್ನು ನನ್ನ ಅಕ್ಕನ ಮೇಲೆ ಪ್ರಯೋಗಿಸಿ, ನಾವು ಲೆಕ್ಕ ಚುಕ್ತಾ ಎಂದುಕೊಳ್ಳೋಣ.

ಈ ಬಹಿರಂಗ ಪತ್ರವನ್ನು ಪ್ರಕಟಿಸುವ ಪತ್ರಿಕೆಯ ಸಂಪಾದಕರಲ್ಲೂ ಒಂದು ವಿನಂತಿ: ನಮ್ಮ ಯಜಮಾನರು ಪತ್ರಿಕೆಯಲ್ಲಿ ಪದಬಂಧದ ಪುಟವೊಂದನ್ನೇ ನೋಡುವವರು. ದಯವಿಟ್ಟು ಈ ಪತ್ರವನ್ನು ಅದರಿಂದ ಆದಷ್ಟು ದೂರದಲ್ಲಿ ಅಚ್ಚುಹಾಕಿ.

ಇಂತಿ, ಸದ್ದುಗದ್ದಲವಿಲ್ಲದ
ತಮ್ಮ ವಿಶ್ವಾಸಿ,
ಪಟ್ಟಿ ಷೂವಿನ ಮೇಲ್ವಿಚಾರಕಿ

ಮರೆತ ಮಾತು: ಹೋದ ವಾರ ತಮ್ಮನ್ನು ಕಾಣಲು ಬಂದು ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದೆ. ಸಾಹೇಬರು ಊರಲ್ಲಿಲ್ಲ ಎಂದು ತಮ್ಮ ಗುಮಾಸ್ತರು ಹೇಳುತ್ತಿದ್ದಂತೆಯೇ ಕಾರಿಡಾರಿನ ಆ ತುದಿಯಿಂದ ಟಕ್ ಟಕ್ ಎಂದು ಕೇಳಿಸಿತು. ಗುಮಾಸ್ತರು ಮಾತು ನಿಲ್ಲಿಸಿ, ಬಿಸ್ಕತ್ತಿನ ಡಬ್ಬ ಮುಚ್ಚಿ, ಕಾಗದ ಕೈಗೆತ್ತಿಕೊಂಡರು. ತಾವು ತೊಟ್ಟಿದ್ದ ಆ ಷೂ ಯಾವ ಕಂಪನಿಯದೆಂದು ತಿಳಿಸಿದರೆ ಉಪಕಾರವಾಗುತ್ತದೆ.