ಹನ್ನೊಂದನೆಯ ಪಾಸ್‌ವರ್ಡ್

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಹೆಂಡತಿ ವಿನುತ ನಡುಮನೆಯಿಂದ ಕೂಗಿ ಹೇಳಿದಳು: "ರೀ, ಇದು ಏನೋ ಪಾಸ್‌ವರ್ಡ್ ಕೇಳ್ತಿದೆ."

ಗಂಟೆ ಇಷ್ಟು ಖಚಿತವಾಗಿ ಹೇಗೆ ಗೊತ್ತೆಂದರೆ, ಆ ಘಳಿಗೆಯನ್ನು ನಾನು ಆಮೇಲೆ ಮನಸ್ಸಿನಲ್ಲಿ ಇನ್ನೂರು ಸಲವಾದರೂ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ಪ್ರತಿ ಸಲವೂ ಗೋಡೆ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಪ್ರತಿ ಸಲವೂ ನಾನು ಪೇಪರಿನಿಂದ ತಲೆ ಎತ್ತದೆ ಅದೇ ಮಾತು ಹೇಳುತ್ತೇನೆ: "ಕೇಳಲೇಬೇಕು. ಅದಕ್ಕೇ ಇಟ್ಟಿರೋದು."

ನಾನು ವಿಮಾ ಇಲಾಖೆಯಲ್ಲಿ ಅಧಿಕಾರಿ. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಸದ್ಯಕ್ಕೆ ವಡೋದರಾದ ಮಂಜಲ್‌ಪುರದಲ್ಲಿ ಬಾಡಿಗೆ ಮನೆ. ವಿನುತ ರಸಾಯನಶಾಸ್ತ್ರದ ಎಂ.ಎಸ್ಸಿ. ನಾನು ಹೋದ ಊರಿನಲ್ಲೆಲ್ಲ ಅವಳು ಒಂದು ಶಾಲೆ ಹುಡುಕಿಕೊಳ್ಳುವುದು, ಮಕ್ಕಳು ಅವಳ ಹೆಸರು ಹಿಡಿದು ಮಾತಾಡುವಷ್ಟು ಹೊತ್ತಿಗೆ ನನ್ನ ಆರ್ಡರು ಬರುವುದು, ಅವಳು ರಾಜೀನಾಮೆ ಕೊಡುವುದು. ಹೀಗೆ ಮೂರು ಆಗಿತ್ತು. ನಾಲ್ಕನೆಯದಕ್ಕೆ ಅವಳೇ ಒಂದು ಉಪಾಯ ಕಂಡುಹಿಡಿದಳು. ಆನ್‌ಲೈನಿನಲ್ಲಿ ಪಾಠ ಹೇಳಿಸುವ ಕಂಪನಿಯೊಂದಕ್ಕೆ ಅರ್ಜಿ ಹಾಕಿದಳು. ಆ ಕೆಲಸ ಸಿಕ್ಕರೆ ನನ್ನನ್ನು ಕಾರ್ಗಿಲ್‌ಗೆ ಎತ್ತಿಹಾಕಿದರೂ ಅವಳ ನೌಕರಿ ಅವಳ ಜೊತೆಗೇ ಬರುತ್ತದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಾದರಿ ಪಾಠ. ಸ್ವಂತ ಲ್ಯಾಪ್‌ಟಾಪ್ ಇರಲೇಬೇಕೆಂಬುದು ಷರತ್ತು.

ಲ್ಯಾಪ್‌ಟಾಪನ್ನು ನಾನೇ ತಂದಿದ್ದೆ. ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ, ಒಂದು ಟವರಿನ ಒಂಬತ್ತನೆಯ ಮಹಡಿಯಲ್ಲಿ, ಕೆನಡಾಕ್ಕೆ ಹೊರಟಿದ್ದ ಸಜ್ಜನರೊಬ್ಬರಿಂದ. ಸೆಕೆಂಡ್ ಹ್ಯಾಂಡ್, ಆದರೆ ಕನ್ನಡಿಯ ಹಾಗಿತ್ತು. ಅವರು ಚಹಾ ಕೊಟ್ಟರು, ಫಾಫಡಾ ಎಂಬ ಕಡಲೆಹಿಟ್ಟಿನ ತಿಂಡಿ ಕೊಟ್ಟರು, ತಮ್ಮ ತಾಯಿಯ ಪರಿಚಯ ಮಾಡಿಸಿದರು. ಬಿಲ್ ಮಾತ್ರ ಕೊಡಲಿಲ್ಲ. ಅಷ್ಟು ಒಳ್ಳೆಯ ಮನೆತನದವರ ಹತ್ತಿರ ಬಿಲ್ ಕೇಳುವುದು ನನಗೆ ಅಸಭ್ಯವೆನಿಸಿತು.

ಮೂರು ವಾರ ಅದು ಚೆನ್ನಾಗಿಯೇ ನಡೆಯಿತು. ವಿನುತ ಹಗಲೆಲ್ಲ ಕೂತು ತನ್ನ ಪಾಠದ ಚಿತ್ರಗಳನ್ನೂ ಸ್ಲೈಡುಗಳನ್ನೂ ಅದರಲ್ಲಿ ಮಾಡಿಟ್ಟಳು. ಕೆಡದಿರುವುದನ್ನು ಕಂಡರೆ ನನ್ನಂಥವನಿಗೆ ಕೈ ತುರಿಸುತ್ತದೆ. ನಾನು ನಮ್ಮ ಆಫೀಸಿನ ಸೈಬರ್ ಸುರಕ್ಷತಾ ತರಬೇತುದಾರ. ಮೂರು ತಿಂಗಳಿಗೊಮ್ಮೆ ಸಹೋದ್ಯೋಗಿಗಳ ಮುಂದೆ ನಿಂತು ಮೂರು ಸೂತ್ರ ಹೇಳುತ್ತೇನೆ: ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ, ಯಾರಿಗೂ ಹೇಳಬೇಡಿ, ಸುಲಭದ್ದನ್ನು ಇಡಬೇಡಿ. ಶುಕ್ರವಾರ ಸಂಜೆ ಅವಳು ತರಕಾರಿಗೆ ಹೋದಾಗ ನಾನು ಮೂರನ್ನೂ ಪಾಲಿಸಿ ಲ್ಯಾಪ್‌ಟಾಪಿಗೊಂದು ಪಾಸ್‌ವರ್ಡ್ ಇಟ್ಟೆ. ಅದೂ ಸಾಮಾನ್ಯ ಪಾಸ್‌ವರ್ಡ್ ಅಲ್ಲ. ಯಂತ್ರ ಕಣ್ಣು ಬಿಡುವ ಮೊದಲೇ ಕಪ್ಪು ಪರದೆಯಲ್ಲಿ ಕೇಳುವಂಥದ್ದು. ಫರ್ಮ್‌ವೇರ್ ಪಾಸ್‌ವರ್ಡ್ ಅನ್ನುತ್ತಾರೆ. ಅದನ್ನು ಕೊಡದಿದ್ದರೆ ಲ್ಯಾಪ್‌ಟಾಪ್ ಒಂದು ಚಪ್ಪಟೆ ಡಬ್ಬಿ.

"ಸರಿ, ಹೇಳಿ, ಏನು ಹೊಡೀಲಿ?" ಎಂದಳು ವಿನುತ, ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು.

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ.

ನಡೆದದ್ದೇನೆಂದರೆ, ಹಿಂದಿನ ಸಂಜೆ ನಾನು ಹನ್ನೊಂದು ಪಾಸ್‌ವರ್ಡುಗಳನ್ನು ಯೋಚಿಸಿ, ಹತ್ತನ್ನು ಸುಲಭವೆಂದು ತಿರಸ್ಕರಿಸಿ, ಒಂದನ್ನು ಆರಿಸಿದ್ದೆ. ತಿರಸ್ಕರಿಸಿದ ಹತ್ತೂ ಇವತ್ತಿಗೂ ಬಾಯಿಪಾಠ ಇವೆ.

"ನಿಮ್ಮ ತಲೆಗೆ ಯಾರು ಬೀಗ ಹಾಕಿದ್ದು?" ಎಂದಳು.

ಹತ್ತನ್ನೂ ಹೊಡೆದು ನೋಡಿದೆವು. ಮೂರು ಸಲ ತಪ್ಪಿದರೆ ಅದು ಒಂದು ಉದ್ದನೆಯ ಅಂಕಿ ತೋರಿಸಿ ಮೌನವಾಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೂರು. ಊಟದ ಹೊತ್ತಿಗೆ ವಿನುತ ಒಂದು ವಿವೇಕದ ಮಾತಾಡಿದಳು: "ನಿಮ್ಮ ಆಫೀಸಿನ ಲ್ಯಾಪ್‌ಟಾಪ್ ಎರಡು ದಿನಕ್ಕೆ ತನ್ನಿ. ಪೆನ್‌ಡ್ರೈವಲ್ಲಿ ಏನಾದ್ರೂ ಇದ್ರೆ ಹಾಕ್ಕೋತೀನಿ."

ಆಫೀಸಿನ ಲ್ಯಾಪ್‌ಟಾಪ್ ಮನೆಗೆ ಒಯ್ಯಬಾರದೆಂಬ ಸುತ್ತೋಲೆಯನ್ನು ಬರೆದವನು ನಾನೇ. ಪೆನ್‌ಡ್ರೈವ್ ಅಪಾಯಕಾರಿ ಎಂದು ಅವಳಿಂದ ಕಿತ್ತಿಟ್ಟುಕೊಂಡವನೂ ನಾನೇ. ಸುರಕ್ಷತೆಯ ದೃಷ್ಟಿಯಿಂದ ನಮ್ಮ ಮನೆ ಅಭೇದ್ಯವಾಗಿತ್ತು. ಒಳಗಿದ್ದವರಿಗೂ.

ಬೀಗ ತೆಗೆಯಲು ಬೇರೆ ದಾರಿ ಇದೆಯೇ ಎಂದು ಕೇಳಲು ಬೋಪಾಲಿನ ಸಜ್ಜನರಿಗೆ ಫೋನ್ ಮಾಡಿದೆ. ಅವರು ಕೆನಡಾದಲ್ಲಿದ್ದರು. ಅವರ ತಾಯಿ ಎತ್ತಿಕೊಂಡು, ಫಾಫಡಾ ರುಚಿಯಾಗಿತ್ತೇ ಎಂದು ಕೇಳಿದರು.

ಮೂರು ಗಂಟೆಗೆ ಅಲ್ಕಾಪುರಿಯ ಸರ್ವಿಸ್ ಸೆಂಟರಿಗೆ ಹೋದೆವು. ಕೌಂಟರಿನಲ್ಲಿದ್ದ ಹುಡುಗಿ ಲ್ಯಾಪ್‌ಟಾಪನ್ನು ಮುಟ್ಟುವ ಮೊದಲೇ ಬಿಲ್ ಕೇಳಿದಳು. ಇಲ್ಲವೆಂದೆ.

"ಹಾಗಾದರೆ ಇದು ನಿಮ್ಮದೇ ಅಂತ ಹೇಗೆ ನಂಬೋದು ಸರ್? ಕದ್ದ ಮಾಲು ದಿನಾ ಬರುತ್ತೆ."

ನಾನು ಗಂಭೀರವಾಗಿ ನನ್ನ ಐಡಿ ಕಾರ್ಡು ತೆಗೆದು, ನಾನೊಬ್ಬ ಸೈಬರ್ ಸುರಕ್ಷತಾ ತರಬೇತುದಾರ ಎಂದು ಹಿಂದಿಯಲ್ಲಿ ತಿಳಿಸಿದೆ. ಸಾಲಿನಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು.

"ಪಾಸ್‌ವರ್ಡ್ ಇಟ್ಟಿದ್ದು ಯಾರು ಸರ್?"

"ನಾನೇ."

"ಮತ್ತೆ ನಿಮಗೆ ಗೊತ್ತಿರಬೇಕಲ್ಲ."

ನಾನು ಐಡಿ ಕಾರ್ಡನ್ನು ಮತ್ತೆ ಜೇಬಿಗಿಟ್ಟುಕೊಂಡೆ. ಹುಡುಗಿಗೆ ವಿನುತಳ ಮುಖ ನೋಡಿ ಕನಿಕರ ಬಂತು. ಬೀಗ ತೆಗೆಯಲು ಆಗುವುದಿಲ್ಲ, ಆದರೆ ಒಳಗಿನ ಡಿಸ್ಕ್ ಬಿಚ್ಚಿ ಪಾಠಗಳನ್ನು ಬೇರೆ ಕಡೆಗೆ ತೆಗೆದುಕೊಡುವವರು ಇದ್ದಾರೆ, ಅವರು ಸೋಮವಾರ ಸಂಜೆ ಬರುತ್ತಾರೆ, ಇಟ್ಟು ಹೋಗಿ ಎಂದಳು.

"ಇಟ್ಟು ಹೋಗೋಣ," ಎಂದಳು ವಿನುತ. "ಸೋಮವಾರ ಹೇಗೋ ಮಾಡ್ತೀನಿ. ಮಾಡಿದ್ದು ಉಳೀಲಿ."

ಅಲ್ಲಿಯವರೆಗೆ, ದಯವಿಟ್ಟು ಗಮನಿಸಿ, ಅವಳ ಮೂರು ವಾರದ ಕೆಲಸ ಸಂಪೂರ್ಣ ಕ್ಷೇಮವಾಗಿತ್ತು. ಬೀಗದ ಹಿಂದೆ, ನನ್ನ ಕೈಗೂ ಸಿಗದಂತೆ. ನಾನು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಬಂದೆ. ನನಗೆ ಅವಮಾನವಾಗಿತ್ತು.

ಮನೆ ಬಾಗಿಲಲ್ಲಿ ಪಕ್ಕದ ಮನೆಯ ಪರೇಶ್‌ಭಾಯಿ ಕಾಯುತ್ತಿದ್ದರು. ಮಕರ್‌ಪುರದ ಪಂಪಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಜಗತ್ತಿನ ಎಲ್ಲ ಯಂತ್ರಗಳೂ ಪಂಪಿನ ತಮ್ಮಂದಿರು ಎಂದು ನಂಬಿದವರು. ವಿಷಯ ಕೇಳಿ, "ಥಈ ಜಶೇ," ಎಂದರು. ಆಗಿಬಿಡುತ್ತದೆ ಎಂದರ್ಥ. ಗುಜರಾತಿಗೆ ಬಂದ ಮೇಲೆ ನಾನು ಕಲಿತ ಮೊದಲ ಮಾತು ಅದು. ಆಗಿಬಿಡುತ್ತದೆ ಸರಿ, ಏನು ಎಂಬುದನ್ನು ಅದು ಹೇಳುವುದಿಲ್ಲ.

ಮೊಬೈಲಿನ ಒಂದು ವಿಡಿಯೊ ಪ್ರಕಾರ, ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ನಾಣ್ಯದಷ್ಟು ಪುಟ್ಟ ಬ್ಯಾಟರಿ ಇರುತ್ತದೆ. ಅದನ್ನು ಐದು ನಿಮಿಷ ತೆಗೆದಿಟ್ಟರೆ ಯಂತ್ರ ಪಾಸ್‌ವರ್ಡನ್ನು ಮರೆಯುತ್ತದೆ. ಹಳೆಯ ಕಾಲದ ಯಂತ್ರಗಳಿಗೆ ಮಾತ್ರ ಇದು ನಡೆಯುತ್ತದೆ ಎಂದು ಅದೇ ವಿಡಿಯೊದ ಕೊನೆಯಲ್ಲಿ ಹೇಳುತ್ತಾರೆ. ಕೊನೆಯನ್ನು ನಾವು ಆಮೇಲೆ ನೋಡಿದೆವು.

"ಸ್ಕ್ರೂ ಕಳೆದುಹೋಗಬಾರದು. ಪರಾತದಲ್ಲಿಟ್ಟು ಬಿಚ್ಚೋಣ," ಎಂದು ಪರೇಶ್‌ಭಾಯಿ ತಮ್ಮ ಮನೆಯಿಂದ ಚಪಾತಿ ಹಿಟ್ಟು ಕಲಸುವ ದೊಡ್ಡ ಸ್ಟೀಲ್ ತಟ್ಟೆ ತಂದರು. ಆ ದಿನ ಯಾರಾದರೂ ಮಾಡಿದ ಬುದ್ಧಿವಂತ ಕೆಲಸ ಅದೊಂದೇ. ಅವರು ಮಾಡಿದ್ದೂ ಸ್ಕ್ರೂಗಾಗಿ.

"ನನಗೆ ಇದು ಬೇಡ ಅನ್ಸುತ್ತೆ," ಎಂದಳು ವಿನುತ.

"ನೀನು ಟಾರ್ಚ್ ಹಿಡಿ," ಎಂದೆ.

ಈ ಮೂರು ಶಬ್ದ ನನ್ನನ್ನು ಇನ್ನೂ ಬಿಟ್ಟಿಲ್ಲ. ಅವಳು ಬಗ್ಗಿದಳು. ಮುಖ ಒಂದು ಗೇಣು ದೂರದಲ್ಲಿತ್ತು. ಹಿಂದಿನ ಹಲಗೆ ತೆಗೆದೆ. ನಾಣ್ಯದ ಬ್ಯಾಟರಿ ಎಲ್ಲೂ ಕಾಣಲಿಲ್ಲ. ಅಗಲವಾದ, ಕಪ್ಪಗಿನ, ಮೆತ್ತಗಿನ ಪೊಟ್ಟಣಗಳು ಮಾತ್ರ ಅಂಟಿಕೊಂಡಿದ್ದವು. ಅವುಗಳ ಕೆಳಗೆ ಅಡಗಿರಬೇಕು ಎಂದು ತೀರ್ಮಾನಿಸಿ ಹೀರೇಕಾಯಿ ಹೆರೆಯುವ ಚಾಕು ತೂರಿಸಿ ಮೀಟಿದೆ. ಬರಲಿಲ್ಲ. ಇನ್ನೂ ಸ್ವಲ್ಪ ಒತ್ತಿದೆ.

"ರೀ, ಅದು ಲೀಥಿಯಂ..." ಎಂದಳು ರಸಾಯನಶಾಸ್ತ್ರದ ಎಂ.ಎಸ್ಸಿ.

ಸುಯ್ಯೆಂದಿತು. ಸಿಹಿಯಾದ ಒಂದು ಕೆಟ್ಟ ವಾಸನೆ, ಬಿಳಿ ಹೊಗೆ, ಆಮೇಲೆ ಬೆಂಕಿ. ಜ್ವಾಲೆ ಮೇಲಕ್ಕೇಳಲಿಲ್ಲ, ಪಕ್ಕಕ್ಕೆ, ಅವಳ ಕಡೆಗೆ, ಯಾರೋ ಊದಿದ ಹಾಗೆ ನುಗ್ಗಿತು. ಅವಳು ಕಿರುಚಲಿಲ್ಲ. ತಲೆ ಹಿಂದಕ್ಕೆಳೆದುಕೊಂಡು, ಸೋಫಾದ ಮೇಲಿದ್ದ ಟವಲನ್ನು ಕೈಗೆ ಸುತ್ತಿ, ಪರಾತವನ್ನು ಎಳೆದುಕೊಂಡೇ ಬಾಲ್ಕನಿಗೆ ಹೋದಳು. ಅಲ್ಲಿದ್ದ ಎರಡು ಬಕೆಟ್ ನೀರನ್ನು ದೂರ ನಿಂತು ಸುರಿದಳು. ನಮ್ಮನ್ನೂ ಹೊಗೆಯಿಂದ ಆಚೆಗೆ ದಬ್ಬಿದಳು. ಅದು ಮೂರು ಸಲ ಸಿಡಿದು ಸುಮ್ಮನಾಯಿತು.

ಅಷ್ಟು ಹೊತ್ತು ನಾನು ಏನು ಮಾಡುತ್ತಿದ್ದೆ? ಹತ್ತು ಸ್ಕ್ರೂಗಳನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದು ನಿಂತಿದ್ದೆ. ಒಂದೂ ಕಳೆದುಹೋಗಲಿಲ್ಲ.

ವಿನುತಳ ಬಲ ಹುಬ್ಬು ಹೋಗಿತ್ತು. ಬಲಗೈ ಬೆರಳುಗಳು ಬೊಬ್ಬೆ ಎದ್ದಿದ್ದವು. ಕಣ್ಣಿಗೂ ಹುಬ್ಬಿಗೂ ನಡುವೆ ಎರಡು ಬೆರಳು ಜಾಗವಿದೆ. ಡಾಕ್ಟರು ಅದನ್ನೇ ತೋರಿಸಿ ಹೇಳಿದರು: "ಇಷ್ಟು."

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಅವಳು ಅಂದಳು: "ಮೂರು ಕೆಲಸ ನಿಮ್ಮ ಹೆಡ್ ಆಫೀಸಿನವರು ಕಳೆದ್ರು. ಇದಕ್ಕೆ ಅವರ ಸಹಾಯ ಬೇಕಾಗಲಿಲ್ಲ ನೋಡಿ."

ಸೋಮವಾರ ಅವಳು ಪರೇಶ್‌ಭಾಯಿಯ ಮನೆಯ ಹಳೇ ಕಂಪ್ಯೂಟರಿನ ಮುಂದೆ ಕೂತು ಮಾದರಿ ಪಾಠ ಮಾಡಿದಳು. ಒಂದು ಹುಬ್ಬು ದೇವರು ಕೊಟ್ಟದ್ದು, ಇನ್ನೊಂದು ಕಾಡಿಗೆಯಲ್ಲಿ ಎಳೆದದ್ದು. ಬಲಗೈಗೆ ಬ್ಯಾಂಡೇಜು. ಸ್ಲೈಡುಗಳಿಲ್ಲದ್ದರಿಂದ ಎಡಗೈಯಲ್ಲಿ ಹಾಳೆಯ ಮೇಲೆ ಸೊಟ್ಟಸೊಟ್ಟ ಚಿತ್ರ ಬರೆದು ತೋರಿಸಿದಳು. ಪರೇಶ್‌ಭಾಯಿಯ ಹೆಂಡತಿ ಜಯಾಬೆನ್‌ಗೆ ಪೂರ್ತಿ ಅರ್ಥವಾಯಿತಂತೆ. ಕಂಪನಿಯವರು ಬುಧವಾರ ಬರೆದರು: ಪಾಠ ಉತ್ತಮವಾಗಿತ್ತು, ಆದರೆ ಅಭ್ಯರ್ಥಿಯ ಬಳಿ ಸೂಕ್ತ ಉಪಕರಣವಿಲ್ಲ. ಉಪಕರಣದ ಬಗ್ಗೆ ಅವರು ಬರೆದದ್ದು ನಿಜ. ಉಪಕರಣವನ್ನು ಯಾರು ಏನು ಮಾಡಿದರೆಂದು ಅವರು ಕೇಳಲಿಲ್ಲ, ಅದೊಂದು ಉಪಕಾರ.

ಆಮೇಲೆ ಶುರುವಾದದ್ದು ನನ್ನ ನಿದ್ದೆಯ ಕಥೆ. ಕಣ್ಣು ಮುಚ್ಚಿದರೆ ಆ ಒಂದು ಗೇಣು. ಕುಕ್ಕರು ಸುಯ್ಯೆಂದರೆ ನಾನು ಬಾಲ್ಕನಿಯಲ್ಲಿರುತ್ತಿದ್ದೆ. ವಿನುತಳೂ ಆಗಾಗ ಎದ್ದು ನಡುಮನೆಯ ದೀಪ ಹಾಕುತ್ತಿದ್ದಳು. ಬೆಂಕಿ ನೆನಪಾಗಿ ಪಾಪ ಹೆದರುತ್ತಾಳೆ ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಬೆಂಕಿಗಲ್ಲ," ಎಂದಳು. "ನೀವು ಮಿಕ್ಸಿ ಬಿಚ್ತಿದ್ದೀರೇನೋ ಅಂತ."

ಹುಬ್ಬು ಪೂರ್ತಿ ಬೆಳೆಯುವ ಮುಂಚೆಯೇ ಅವಳು ಮಂಜಲ್‌ಪುರದ ಒಂದು ಟ್ಯೂಷನ್ ಕ್ಲಾಸಿಗೆ ನಡೆದುಕೊಂಡು ಹೋಗಿ ಕೇಳಿದಳು. ಅಲ್ಲಿ ಕಪ್ಪು ಹಲಗೆ, ಸೀಮೆಸುಣ್ಣ. ಮಾರನೆಯ ದಿನದಿಂದಲೇ ಬನ್ನಿ ಎಂದರು. ನಾಲ್ಕು ತಿಂಗಳಿಗೆ ಅವಳ ಹೆಸರು ಹೇಳಿ ಮಕ್ಕಳು ಸೇರತೊಡಗಿದರು. ಸರಿಯಾಗಿ ಆಗ, ನಿಯಮದ ಪ್ರಕಾರ, ನನ್ನ ಆರ್ಡರು ಬಂತು. ಸೂರತ್.

ಪ್ರತಿ ಸಲ ನಾನು ಆರ್ಡರು ತಂದು ಟೇಬಲ್ಲಿನ ಮೇಲಿಟ್ಟರೆ ಅವಳು ಪೆನ್ನು ಹುಡುಕುತ್ತಿದ್ದಳು, ರಾಜೀನಾಮೆ ಬರೆಯಲು. ಈ ಸಲ ಓದಿ, ಮಡಿಸಿ, ನನ್ನ ಕೈಗೇ ಕೊಟ್ಟಳು.

"ನೀವು ಹೊರಡಿ. ಮಾರ್ಚ್ ಪರೀಕ್ಷೆ ಮುಗಿಯೋವರೆಗೂ ನಾನು ಬರೋಕಾಗಲ್ಲ."

"ಆಮೇಲೆ?"

"ಆಮೇಲೆ ಜೂನ್ ಬ್ಯಾಚ್ ಇದೆ."

ಸೂರತ್ತಿನಲ್ಲಿ ಒಂಟಿ ಕೋಣೆ ಹಿಡಿದೆ. ಒಂದು ಮಂಚ, ಒಂದು ಬಕೆಟ್, ಬಿಚ್ಚಲು ಏನೂ ಇಲ್ಲ. ಮೊದಲ ರಾತ್ರಿಯೇ ಮಲಗಿದವನು ಎದ್ದದ್ದು ಬಿಸಿಲು ಮುಖಕ್ಕೆ ಬಿದ್ದಾಗ. ಅದು ಭಾನುವಾರ. ತಕ್ಷಣ ವಿನುತಳಿಗೆ ಫೋನ್ ಮಾಡಿದೆ.

"ಒಂದೇ ನಿದ್ದೆ ಕಣೇ. ಮಧ್ಯೆ ಎಚ್ಚರಾನೇ ಆಗಲಿಲ್ಲ."

"ನನಗೂ," ಎಂದಳು.

"ಇಲ್ಲಿ ಸಮುದ್ರದ ಗಾಳಿ ಇರಬೇಕು. ಆದರೆ ನಿನಗೆ ಅಲ್ಲಿ ಹೇಗೆ..."

"ಗಾಳಿ ಅಲ್ಲ ರೀ," ಎಂದಳು ತುಂಬ ಮೃದುವಾಗಿ. "ನಡುವಿನ ನೂರೈವತ್ತು ಕಿಲೋಮೀಟರು."