ನಾನು ಹಬ್ಬಿಸಿದ ಗುಲಾಬಿ ಬಳ್ಳಿ

ಮೂವತ್ತು ವರ್ಷ ಔರಾದಿನ ಶಾಲೆಯಲ್ಲಿ ಮಕ್ಕಳನ್ನು ತಿದ್ದಿದವನಿಗೆ ಒಂದು ಗುಲಾಬಿ ಬಳ್ಳಿಯನ್ನು ತಿದ್ದುವುದು ಎಷ್ಟರ ಮಾತು! ನಿವೃತ್ತನಾಗಿ ಬೀದರಿನ ಮನೆಗೆ ಬಂದಾಗ ನಾನು ಪ್ರಾಮಾಣಿಕವಾಗಿ ಹೀಗೆಯೇ ನಂಬಿದ್ದೆ.

ಹೆಂಡತಿ ಸುಮಿತ್ರಾಳಿಗೆ ಮೊದಲಿನಿಂದಲೂ ಅಂಗಳದಲ್ಲಿ ಗುಲಾಬಿ ಹಂದರದ ಆಸೆ. ಭಾಲ್ಕಿಯ ನರ್ಸರಿ ಮಾಣಿಕಪ್ಪನವರಿಂದ ಕೆಂಪು ಹೂವಿನ ಬಳ್ಳಿಸಸಿ ತಂದೆ. ಬಿದಿರಿನ ಹಂದರ ಕಟ್ಟಿಸಿದೆ. ಸಂಜೆ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿದರೆ ಸಾಕು: ತಲೆಯ ಮೇಲೆ ನೂರಾರು ಹೂವು, ಮೆಲ್ಲಗೆ ಗಾಳಿ, ಒಂದೇ ಒಂದು ಎಸಳು ತೇಲುತ್ತ ತೇಲುತ್ತ ಬಂದು ನನ್ನ ಚಹಾದ ಕಪ್ಪಿಗೆ ಇಳಿಯುತ್ತಿತ್ತು. ಕಣ್ಣು ತೆರೆದರೆ ಮೊಣಕಾಲುದ್ದದ ಸಸಿ!

ಕೆಲವು ತಿಂಗಳಲ್ಲಿ ಬುಡದಿಂದ ಇನ್ನೊಂದು ಕೊಂಬೆ ಚಿಮ್ಮಿತು. ಎಂಥ ಉತ್ಸಾಹ ಅದರದು! ಹಳೆಯ ಕೊಂಬೆ ಮಾತ್ರ ಹಿಂದಿನ ಬೆಂಚಿನ ಹುಡುಗನಂತೆ ತೂಕಡಿಸುತ್ತಿತ್ತು. ಸಮಗ್ರ ಅಭಿವೃದ್ಧಿಯ ಹಿತದೃಷ್ಟಿಯಿಂದ ಅದನ್ನು ಬುಡದ ಹತ್ತಿರಕ್ಕೇ ಕತ್ತರಿಸಿದೆ.

"ಅದಕ್ಕ ಒಂದು ಮೊಗ್ಗಿ ಬಂದಿತ್ತಲ್ಲರಿ! ಯಾಕ ಕಡದ್ರಿ?" ಎಂದಳು ಸುಮಿತ್ರಾ.

"ನಿನಗ ತಿಳಿಯಂಗಿಲ್ಲ. ಇದು ಶಾಸ್ತ್ರ!"

ಎರಡು ವರ್ಷ ಆ ಹೊಸ ಕೊಂಬೆಯನ್ನು ಮಗುವಿನಂತೆ ಸಾಕಿದೆ. ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಹಂದರಕ್ಕೆ ಕಟ್ಟಿದೆ. ಅದು ಹಂದರ ತುಂಬಿ, ಗೋಡೆ ಹತ್ತಿತು. ಮೊಗ್ಗು ಮಾತ್ರ ಇಲ್ಲ. ನಾಚಿಕೆಯಿರಬೇಕು ಎಂದುಕೊಂಡೆ.

ಕೊನೆಗೆ ಒಂದು ಭಾನುವಾರ ಓಣಿಯವರನ್ನೆಲ್ಲ ಹಂದರದ ಕೆಳಗೆ ಚಹಾಕ್ಕೆ ಕರೆದೆ. ಮಾಣಿಕಪ್ಪನವರಿಗೆ ಶಾಲು ಹೊದಿಸಿ ಸನ್ಮಾನ!

"ಮಾಸ್ತರ್ರ, ಹೂವ ಎಲ್ಲಿ ಅದಾವ್ರಿ?" ಎಂದರು ಪಕ್ಕದ ಮನೆಯ ಗಂಗಮ್ಮ.

"ಇನ್ನೇನ್ ಬರ್ತಾವ್ರಿ," ಎಂದು ನಾನು ಶಾಲಿನ ಮಡಿಕೆ ಬಿಚ್ಚಿ ಮಾಣಿಕಪ್ಪನವರಿಗೆ ಹೊದಿಸಿದೆ.

ಮಾಣಿಕಪ್ಪನವರು ಶಾಲು ಹೊದ್ದುಕೊಂಡೇ ಎಲೆ ಮುಟ್ಟಿ ನೋಡಿದರು. ಬಗ್ಗಿ ಬುಡ ನೋಡಿದರು. ಬಳಿಕ ನನ್ನನ್ನು ನೋಡಿದರು.

"ಸರ್, ನಾ ಕೊಟ್ಟಿದ್ದು ಕಲಂ, ಅಂದ್ರ ಕಸಿ ಮಾಡಿದ ಗಿಡ. ಮ್ಯಾಲ ಛಲೋ ಗುಲಾಬಿ, ಬುಡಕ್ಕ ಜಂಗ್ಲಿ ಗಿಡ. ನೀವು ಗುಲಾಬಿ ಕಡದು ಜಂಗ್ಲಿ ಬೆಳಸೀರಿ!"

ಗಂಗಮ್ಮ ಚಹಾದ ಕಪ್ಪು ಕೆಳಗಿಟ್ಟು ಬಳ್ಳಿಯತ್ತ ಕತ್ತೆತ್ತಿದರು.

"ಹೂವ ಬಿಡ್ತದೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ಬಿಲ್ಕುಲ್ ಇಲ್ರಿ. ಆದ್ರ ಬೆಳಸೋದೇನೋ ಭಾಳ ಛಂದ ಬೆಳಸೀರಿ."

ಎಲ್ಲರೂ ನಗುತ್ತ ಹೋದರು. ನಾನು ತಲೆ ತಗ್ಗಿಸಿ ಕುಳಿತೆ. ಸುಮಿತ್ರಾ ಬಂದು ಪಕ್ಕದಲ್ಲಿ ಕುಳಿತಳು. ಎಲೆಗಳ ನಡುವಿನಿಂದ ಸಂಜೆಯ ಬಿಸಿಲು ಚೂರುಚೂರಾಗಿ ಅವಳ ಸೆರಗಿನ ಮೇಲೆ ಬೀಳುತ್ತಿತ್ತು.

"ಹೂವ ಇಲ್ದಿದ್ರ ಏನಾತ್ರಿ, ನೆರಳು ತಂಪದ," ಎಂದಳು.

ನನ್ನ ಎದೆ ತುಂಬಿ ಬಂತು. ಕಣ್ಣು ಮುಚ್ಚಿ, ಅವಳ ಕೈ ಹಿಡಿಯಲು ಮೃದುವಾಗಿ ಕೈ ಚಾಚಿದೆ. ಸಿಕ್ಕಿದ್ದು ಬಳ್ಳಿ!

ಸುಮಿತ್ರಾ ಸೇಫ್ಟಿ ಪಿನ್ನಿನಿಂದ ನನ್ನ ಅಂಗೈಯಲ್ಲಿ ನಟ್ಟಿದ್ದ ಮೂರು ಮುಳ್ಳು ತೆಗೆದಳು. ಎರಡು ವರ್ಷದ ಕೃಷಿಯಲ್ಲಿ ನನ್ನ ಕೈಗೆ ಬಂದ ಫಸಲು ಅಷ್ಟೇ!