ಎರಡು ರಾಗಿ ಕಾಳಿನಷ್ಟು ಜಾಗ

ಸಮುದ್ರದಲ್ಲಿ ಮೀನು ಹಿಡಿಯಲು ಹೊರಟ ಗಂಡಸಿಗೆ ಬ್ಲೌಸ್ ಹೊಲಿಯುವ ಹೆಂಡತಿ ಬುದ್ಧಿ ಹೇಳಬಾರದು. ಹೇಳಿದರೂ ಅದು ಸರಿಯಾಗಿರಬಾರದು. ನನ್ನ ವಿಷಯದಲ್ಲಿ ಎರಡೂ ಆಯಿತು.

ನಾನು ಆದಿನಾರಾಯಣ. ಕ್ಯಾಸಂಬಳ್ಳಿಯಲ್ಲಿ ನಾಲ್ಕು ಹಸು, ಒಬ್ಬಳು ಹೆಂಡತಿ (ಹಸುಗಳು ನನ್ನ ಮಾತು ಕೇಳುತ್ತವೆ). ನಮ್ಮೂರ ಕೆರೆಯಲ್ಲಿ ಬಿದಿರು ಕಡ್ಡಿ ಹಿಡಿದು ಗಾಳ ಹಾಕಿದ ಮೂವತ್ತು ವರ್ಷದ ಅಖಂಡ ಅನುಭವ ನನ್ನದು. ಮದರಾಸಿನಲ್ಲಿರುವ ಬಾಮೈದ ವೆಂಕಿ ಫೋನಿನಲ್ಲಿ ಕೆಣಕಿದ: "ಬಾವ, ಕೆರೆ ಮೀನೂ ಒಂದು ಮೀನಾ? ಬಾ, ಸಮುದ್ರದಾಗೆ ಇಡಿ ನೋಡಾನ!"

ಡೈರಿಗೆ ಹಾಲು ತರುವವರ ಮುಂದೆಲ್ಲ ನಾನು ಆಗಲೇ ವಿಜಯಯಾತ್ರೆ ಘೋಷಿಸಿಬಿಟ್ಟೆ.

ಗಾಳದ ದಾರ ಸುತ್ತುವ ರೀಲ್ ಕೊಳ್ಳಲು ಹೆಂಡತಿ ಸುಬ್ಬಲಕ್ಷ್ಮಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹತ್ತಿರದ ಕೋರಮಂಡಲ್ ಪೇಟೆಗೆ ಹೋದೆ. ಗಾಳದ ಅಂಗಡಿಯ ಮುನಿಶಾಮಿಗೆ, "ಇರೋದ್ರಾಗೆ ದಪ್ಪ ತಂಗೂಸಿ ನೈಲಾನ್ ದಾರ, ಮುನ್ನೂರು ಮೀಟರ್ ಸುತ್ತಪ್ಪ" ಎಂದೆ.

ಅವನು ರೀಲಿನ ಮೇಲಿನ ಅಂಕಿ ತೋರಿಸಿದ. "ಅಣ್ಣಾ, ಇಂಗೆ ಪಾರು, ಇಲ್ಲಿ ನೋಡು. ಅರ್ಧ ಮಿಲಿಮೀಟರ್ ದಾರ ಆದ್ರೆ ನೂರೈವತ್ತು ಮೀಟರ್ ಇಡೀತದೆ. ಸಣ್ಣ ದಾರ ಆದ್ರೆ ಮುನ್ನೂರು. ಸಮುದ್ರದ ಮೀನು ಕಚ್ಚಿದ್ರೆ ನೂರು ಮೀಟರ್ ಓಡ್ತದೆ. ದಾರ ಮುಗಿದ್ರೆ ಮೀನೂ ಪೋಚು, ದಾರಾನೂ ಪೋಚು."

"ದಪ್ಪಾನೂ ಬೇಕು, ಉದ್ದಾನೂ ಬೇಕು."

"ಅಂಗಾದ್ರೆ ದೊಡ್ಡ ರೀಲ್ ತಕೋ."

ದೊಡ್ಡದನ್ನು ಎತ್ತಿ ನೋಡಿದೆ. ರುಬ್ಬುಗುಂಡಿನ ತೂಕ. ಗಂಭೀರವಾಗಿ ಕೆಳಗಿಟ್ಟೆ.

"ಇದು ನಮ್ ಮಿಷಿನ್ನಿನ ಬಾಬಿನ್ ತರಾನೇ ಕಣ್ರೀ" ಎಂದಳು ಇವಳು. "ದಪ್ಪ ದಾರ ಕಮ್ಮಿ ಇಡೀತದೆ, ಸಣ್ಣುದ್ದು ಜಾಸ್ತಿ. ಅಂಚಿಗೆ ಎರಡು ರಾಗಿ ಕಾಳಿನಷ್ಟು ಜಾಗಾನೂ ಬಿಡಿ. ತುಂಬಾ ತುಂಬಿದ್ರೆ ಎಲ್ಲಾ ಎದ್ದು ಬತ್ತದೆ."

"ಲೇ, ಇದು ರವಿಕೆ ಅಲ್ಲ, ಸಮುದ್ರ!"

ಅವಳು ಸಣ್ಣ ದಾರ ಸುತ್ತಿದ ಒಂದು ರೀಲನ್ನು ತನಗೂ ಕೊಂಡಳು. ನಾನು ದಪ್ಪ ದಾರವನ್ನೇ ನೂರೈವತ್ತು ಮೀಟರ್ ಸುತ್ತಿಸಿಕೊಂಡು, ಮನೆಗೆ ಬಂದು ಇನ್ನೂ ಐವತ್ತು ಮೀಟರ್ ಗಂಟು ಹಾಕಿ ತುರುಕಿದೆ. ರೀಲು ಬೆಳಗಿನ ಬಂಗಾರಪೇಟೆ ರೈಲಿನಂತೆ ಬಾಗಿಲು ಮೀರಿ ತುಂಬಿತು.

ಮದರಾಸಿನ ಕಡಲತೀರದಲ್ಲಿ ವೆಂಕಿ ನೋಡನೋಡುತ್ತಿದ್ದಂತೆ ಕೋಲು ಬೀಸಿದೆ. ಗಾಳ ಸಮುದ್ರ ಮುಟ್ಟುವ ಮೊದಲೇ ದಾರ ಸುರುಳಿ ಸುರುಳಿಯಾಗಿ ಎದ್ದು ಬಂದು ನನ್ನ ಕೈ, ಕನ್ನಡಕ, ಅಂಗಿ ಗುಂಡಿಗಳನ್ನೆಲ್ಲ ಆಲಿಂಗಿಸಿತು. ಬಿಡಿಸಿಕೊಳ್ಳಲು ತಿರುಗಿದಷ್ಟೂ ಬಿಗಿಯಿತು.

"ಅಲ್ಲಾಡ್ಬೇಡ್ರಿ, ಬತ್ತೀನಿ" ಎಂದು ಇವಳು ಹೆಜ್ಜೆ ಎತ್ತುವಷ್ಟರಲ್ಲಿ, ಆಗಲೇ ನೀರಿಗೆ ಗಾಳ ಹಾಕಿ ಹಿಡಿದಿದ್ದ ಅವಳ ರೀಲು ಕಿರ್ರೆಂದಿತು. ಮೀನು ಕಚ್ಚಿಕೊಂಡು ಓಡಿತು. ವೆಂಕಿ ಗಾಬರಿಯಾದ. ಇವಳು ಮರಳಿನಲ್ಲಿ ಕಾಲೂರಿ, "ಓಡ್ಲಿ ಬಿಡೋ, ಇನ್ನೂ ದಾರ ಐತೆ" ಎಂದಳು. ಇಪ್ಪತ್ತು ನಿಮಿಷ ಬಿಟ್ಟಳು, ಎಳೆದಳು, ಬಿಟ್ಟಳು, ಎಳೆದಳು. ನಾನು ನಿಂತಲ್ಲೇ ನನ್ನ ಮಾನ ಮರೆತು, "ಬಿಡ್ಬೇಡ ಕಣೇ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಕೊನೆಗೆ ಆರು ಕೆಜಿ ಪಾರೆ ಮೀನು ದಡಕ್ಕೆ ಬಂತು.

ಮೀನನ್ನು ತಮ್ಮನ ಕೈಗೆ ಕೊಟ್ಟು ಓಡಿ ಬಂದವಳೇ ಮೊದಲು ನನ್ನ ಕನ್ನಡಕ ಬಿಡಿಸಿ, ಸೆರಗಿನಲ್ಲಿ ಒರೆಸಿ ಹಾಕಿದಳು. "ಈಗ ಕಾಣ್ತದಾ?"

"ಕಾಣ್ತದೆ. ಚೆನ್ನಾಗಿದ್ದೀಯ" ಎಂದೆ. ಮೂಗಿನವರೆಗೂ ಕೆಂಪಾದಳು.

ವೆಂಕಿ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದ. ಊರಲ್ಲಿ ಹಸು ನೋಡಿಕೊಳ್ಳುತ್ತಿದ್ದ ಮಗಳು ನವ್ಯಶ್ರೀ ತಕ್ಷಣ ಕೇಳಿದಳು: "ಅಮ್ಮ ಸೂಪರ್! ಅಪ್ಪ ಏನಿಡಿದ್ರು?"

ನಾನು ಉತ್ತರ ಕೊಡಲು ಕೈ ಬಿಡಿಸಿಕೊಳ್ಳುವಷ್ಟರಲ್ಲಿ ವೆಂಕಿ ಬರೆದಿದ್ದ: "ಬಾವನ್ನೇ ದಾರ ಇಡ್ದೈತೆ. ಬಿಡಿಸ್ತಾ ಇದೀವಿ."